ತಳದ ಬಣ್ಣ

ಹೊಸ ದೋಣಿಯ ಮಾತು ಎದ್ದದ್ದು ಊಟದ ಹೊತ್ತಿನಲ್ಲಿ. ದೊಡ್ಡವನ ಅಭ್ಯಾಸವೇ ಅದು, ಭಾರದ ಮಾತುಗಳನ್ನೆಲ್ಲ ತುತ್ತಿನ ನಡುವೆ ಇಟ್ಟು ಆಡುವುದು. ಎದುರಿನವರು ರೇಗಿದರೆ ಅಗಿಯುತ್ತ ಕೂತುಬಿಡಬಹುದಲ್ಲ.

"ಈ ಮರದ ದೋಣಿ ಇನ್ನು ಸಾಕು," ಎಂದ. "ಅಲ್ಯೂಮಿನಿಯಂದು ಮಾಡಿಸೋಣ ಅಂತಿದೀನಿ. ದಪ್ಪ ಪ್ಲೇಟಿಂದು."

ಚಿಕ್ಕವನು ಮೀನಿನ ಮುಳ್ಳು ಬಿಡಿಸುತ್ತಿದ್ದವನು ತಲೆ ಎತ್ತಲಿಲ್ಲ. "ಅಲ್ಯೂಮಿನಿಯಂನಲ್ಲಿ ಪಾತ್ರೆ ಮಾಡ್ತಾರೆ. ದೋಣಿ ಅಲ್ಲ."

ಅಣ್ಣನಿಗೆ ಐವತ್ತಾರು, ತಮ್ಮನಿಗೆ ಐವತ್ತು ತುಂಬಲು ಇನ್ನೆರಡು ತಿಂಗಳು. ತಾಯಿ ಈಗಲೂ ಇಬ್ಬರನ್ನೂ ದೊಡ್ಡೋನು, ಚಿಕ್ಕೋನು ಎಂದೇ ಕರೆಯುವುದರಿಂದ ಬಂದರಿನಲ್ಲೂ ಅವೇ ಹೆಸರು ನಿಂತುಬಿಟ್ಟಿದ್ದವು. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ದೋಣಿಯಲ್ಲಿ ದಡ ಕಣ್ಮರೆಯಾಗುವಷ್ಟು ದೂರ ಹೋಗಿ ಗಾಳ ಇಳಿಸಿದವರು. ಎಂಜಿನ್ನಿನ ಹೊಣೆ ದೊಡ್ಡವನದು, ಹಗ್ಗ, ತಳ, ಬಣ್ಣದ ಹೊಣೆ ಚಿಕ್ಕವನದು. ಚಿಕ್ಕವನು ಮದುವೆಯಾಗಲಿಲ್ಲ. ಮಹಡಿಯ ಒಂದೇ ಕೋಣೆಯಲ್ಲಿ ಇದ್ದುಕೊಂಡು ಊಟಕ್ಕೆ ಕೆಳಗೆ ಬರುತ್ತಿದ್ದ.

"ಇರೋ ದೋಣಿಗೇನಾಗಿದೆ?" ಎಂದ ಚಿಕ್ಕವನು.

"ಏನಾಗಿದೆ ಅಂತ ನೀನು ಕೇಳ್ತೀಯಾ? ದಿನಾ ಒಳಗೆ ಸೋರಿದ ನೀರಿಗೆ ಪಂಪು ಒತ್ತೋನು ನೀನು. ನೀರು ಜಾಸ್ತಿ ಆಯ್ತು, ತಿರುಗ್ಸು, ತಿರುಗ್ಸು ಅಂತ ಬಾಯಿ ಬಡ್ಕೊಳ್ಳೋನೂ ನೀನೇ. ಎರಡು ವರ್ಷದಿಂದ ಅರ್ಧ ಮೀನು ಬಿಟ್ಟು ವಾಪಸ್ ಬರ್ತಿದೀವಿ."

"ಹಲಗೆ ಬದಲಾಯಿಸೋಣ."

"ಎಷ್ಟು ಅಂತ ಬದಲಾಯಿಸ್ತೀಯ? ಕೊನೆಗೆ ಹಳೇದು ಅಂತ ಉಳಿಯೋದು ನಾವಿಬ್ರೇ."

ತಾಯಿ ನಕ್ಕಳು. ದೊಡ್ಡವನ ಹೆಂಡತಿ, ಮಗಳು ಕೂಡ ನಕ್ಕರು. ಚಿಕ್ಕವನು ನಗಲಿಲ್ಲ. ಅಲ್ಯೂಮಿನಿಯಂ ದೋಣಿ ಹಗುರ, ಗಾಳಿಗೆ ಪಕ್ಕಕ್ಕೆ ಓಡುತ್ತದೆ, ಅಲೆ ಬಡಿದರೆ ಡಬ್ಬ ಬಡಿದ ಹಾಗೆ ಸದ್ದು ಮಾಡುತ್ತದೆ, ಆ ಸದ್ದಿಗೆ ಮೀನು ಹತ್ತಿರ ಸುಳಿಯುವುದಿಲ್ಲ ಎಂದು ಒಂದೊಂದಾಗಿ ಹೇಳಿದ.

"ಉಳಿದವರಿಗೆಲ್ಲ ಮೀನು ಬರ್ತಿದೆಯಲ್ಲ?"

"ಹಾಗಾದ್ರೆ ಉಳಿದವರ ಜೊತೆ ಹೋಗು. ನಾನಂತೂ ಅದರಲ್ಲಿ ಕಾಲಿಡಲ್ಲ."

"ಇಡಬೇಡ ಹೋಗು! ನಿನ್ನ ಕಾಲು ಹಿಡ್ಕೊಂಡು ಕರೀಬೇಕಾ?"

ಚಿಕ್ಕವನು ಎದ್ದು, ತನ್ನ ತಟ್ಟೆ ತಾನೇ ತೊಳೆದು, ಮೆಟ್ಟಿಲು ಹತ್ತಿ ಹೋದ. ಅವನ ತಟ್ಟೆಯನ್ನು ಆ ಮನೆಯಲ್ಲಿ ಅತ್ತಿಗೆಯೇ ತೊಳೆಯುತ್ತಿದ್ದದ್ದು. ತೊಳೆದಿಟ್ಟ ತಟ್ಟೆ ನೋಡಿ ಅವಳಿಗೆ ಇದು ನಾಳೆಗೆ ಮುಗಿಯುವ ಜಗಳವಲ್ಲ ಎಂದು ಗೊತ್ತಾಯಿತು.

ಮುಗಿಯಲಿಲ್ಲ. ಮರುವಾರ ಚಿಕ್ಕವನು ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಐದಕ್ಕೆ ಹೋದರೆ ಎರಡು ಗಂಟೆಯವರೆಗೆ ಮಂಜುಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆಯುವುದು. ಅಣ್ಣ ಊಟಕ್ಕೆ ಕೂರುವ ಹೊತ್ತಿಗೆ ಇವನದು ಮುಗಿದಿರುತ್ತಿತ್ತು. ಭಾನುವಾರ ಮಾತ್ರ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಆಗ ತಾಯಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಗೋಡೆ ನೋಡುತ್ತ ಉಣ್ಣುವರು.

"ಅಮ್ಮ, ಮಹಡಿ ನಲ್ಲಿ ಸೋರ್ತಿದೆಯಂತಾ ಕೇಳು," ಎಂದು ದೊಡ್ಡವನು.

"ಅಮ್ಮ, ಅದನ್ನ ನಾನು ಆಗಲೇ ಸರಿ ಮಾಡಿದೀನಿ ಅಂತ ಹೇಳು," ಎಂದು ಚಿಕ್ಕವನು.

"ನಾನೇನು ಟೆಲಿಫೋನಾ?" ಎಂದಳು ಮುದುಕಿ. "ನನಗೆ ಎಂಬತ್ತೊಂದು ವರ್ಷ. ನೀವಿಬ್ಬರೂ ಹುಟ್ಟಿದಾಗಿಂದ ಕಿವಿಗೆ ರಜೆ ಕೊಟ್ಟಿಲ್ಲ. ಈಗ ಬಾಯಿಗೂ ಕೆಲಸ ಹಚ್ಚಬೇಡಿ."

ಅವಳು ತಮಾಷೆಗೆ ಹೇಳಿದಂತಿದ್ದರೂ ಆ ದಿನ ಅರ್ಧ ಊಟ ಬಿಟ್ಟು ಎದ್ದಳು.

ದೋಣಿ ನೋಡಲು ದೊಡ್ಡವನು ಮಗಳನ್ನು ಕರೆದುಕೊಂಡು ಹೋದ. ಇಪ್ಪತ್ತನಾಲ್ಕರ ಹುಡುಗಿ, ಮೀನು ಹರಾಜಿನ ಕಟ್ಟೆಯಲ್ಲಿ ಚೀಟಿ ಬರೆಯುವವಳು. ಯಾವ ದೋಣಿಯ ಮೀನು ಹೇಗೆ ಬರುತ್ತದೆ, ಯಾವುದರ ಐಸ್ ಪೆಟ್ಟಿಗೆ ಸೋರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಮೊದಲು ನೋಡಿದ್ದು ಒಬ್ಬ ವ್ಯಾಪಾರಿಯ ಹತ್ತಿರ ಮಾರಾಟಕ್ಕಿದ್ದ ಹಳೆಯ ದೋಣಿ. ಫಳಫಳ ಹೊಳೆಯುತ್ತಿತ್ತು. ದೊಡ್ಡವನು ಮರುಳಾಗಿ ಅಂಚು ಸವರುತ್ತ ನಿಂತ. ಮಗಳು ಪಕ್ಕಕ್ಕೆ ಹೋಗಿ ಅಂಗೈಯಿಂದ ಒತ್ತಿದಳು. ಗೋಡೆ ಒಳಕ್ಕೆ ಹೋಗಿ ಟಕ್ಕೆಂದು ಹೊರಕ್ಕೆ ಬಂತು.

"ಅಪ್ಪ, ಇದು ಪ್ಲೇಟಲ್ಲ, ತಗಡು. ಕೆರೆಗೆ ಸರಿ."

ವ್ಯಾಪಾರಿ ಮೂಗು ಮುರಿದ. ಇಬ್ಬರೂ ಹೊರಟು ಬಂದರು.

ಎರಡನೆಯದು ಒಬ್ಬ ಹೆಂಗಸಿನ ಕಾರ್ಖಾನೆ. ಅಪ್ಪನಿಂದ ಬಂದದ್ದಂತೆ. ಬೆಸುಗೆ ಹಾಕುವವಳೂ ಅವಳೇ, ಕೈಗೆ ಮೊಣಕೈವರೆಗೂ ಸಣ್ಣ ಸಣ್ಣ ಸುಟ್ಟ ಕಲೆ. ಮಾತಿನಲ್ಲಿ ಬೆಣ್ಣೆ ಸವರುವ ಅಭ್ಯಾಸ ಅವಳಿಗಿರಲಿಲ್ಲ. "ಎಷ್ಟು ದೂರ ಹೋಗ್ತೀರ? ಅಲೆ ಹೇಗಿರುತ್ತೆ? ಎಷ್ಟು ಐಸ್ ಒಯ್ತೀರ? ಮೊದಲು ಅದು ಹೇಳಿ, ಆಮೇಲೆ ಉದ್ದ ಅಗಲ," ಎಂದಳು. ದೊಡ್ಡವನು ಹೇಳಿದ್ದನ್ನೆಲ್ಲ ಗೋಡೆಗೊರಗಿಸಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಏಳು ಮೀಟರ್ ಉದ್ದ. ತಳಕ್ಕೆ ಐದು ಮಿಲಿಮೀಟರ್, ಪಕ್ಕಕ್ಕೆ ನಾಲ್ಕು. ಅಲೆ ಸೀಳಲು ಮೂತಿಯ ಹತ್ತಿರ ಚೂಪು, ನಿಂತಾಗ ತೂಗಾಡದಂತೆ ಹಿಂದೆ ಸ್ವಲ್ಪ ಚಪ್ಪಟೆ. ನೆಲದ ಕೆಳಗೆ ಮುಚ್ಚಿ ಬೆಸೆದ ಗಾಳಿ ಪೆಟ್ಟಿಗೆಗಳು. ದೋಣಿ ತುಂಬ ನೀರು ತುಂಬಿದರೂ ಮುಳುಗುವುದಿಲ್ಲ.

"ಅಂಚು ಎಷ್ಟು ಎತ್ತರ ಬೇಕು?"

"ತೊಡೆವರೆಗೆ ಇರಲಿ," ಎಂದ ದೊಡ್ಡವನು. "ಹಳೇದು ಮೊಣಕಾಲಿಗೆ ಇತ್ತು. ನನ್ನ ತಮ್ಮ ಎರಡು ವರ್ಷದ ಹಿಂದೆ ಗಾಳ ಎಳೆಯೋಕೆ ಹೋಗಿ ದಬಕ್ಕಂತ ನೀರಿಗೆ! ಕೊಬ್ಬಿದ ಮೀನು ಎತ್ತಿದ ಹಾಗೆ ಪ್ಯಾಂಟಿನ ಸೊಂಟ ಹಿಡಿದು ಎತ್ತಿದೆ. ಪ್ಯಾಂಟು ಕೈಗೆ ಬಂತು, ತಮ್ಮ ನೀರಲ್ಲೇ ಉಳಿದ." ಈ ಕಥೆಯನ್ನು ಅವನು ಬಂದರಿನಲ್ಲಿ ನೂರು ಸಲ ಹೇಳಿದ್ದ. ಪ್ರತಿಸಲವೂ ತಾನೇ ಮೊದಲು ನಗುತ್ತಿದ್ದ. ಮಗಳೂ ನಕ್ಕಳು.

ಬೆಸುಗೆಯವಳು ಬಾಯಿಗೆ ನಗು ತರಿಸಿಕೊಂಡು, ಅಂಚಿನ ಎತ್ತರ ಬರೆದುಕೊಂಡಳು. ಆಮೇಲೆ ಗಂಭೀರವಾಗಿ ಬೆರಳು ಎತ್ತಿದಳು. "ಒಂದು ಮಾತು ನೆನಪಲ್ಲಿ ಇಟ್ಕೊಳ್ಳಿ. ಮರದ ದೋಣಿಯವರು ಎಲ್ಲರೂ ಮಾಡೋ ತಪ್ಪಿದು. ಇದಕ್ಕೆ ತಾಮ್ರ ತೋರಿಸಬಾರದು. ಉಪ್ಪುನೀರಲ್ಲಿ ತಾಮ್ರ ಅಲ್ಯೂಮಿನಿಯಂನ ತಿಂದುಹಾಕುತ್ತೆ. ಹಿತ್ತಾಳೆ ಮೊಳೆ ಬೇಡ. ಮರದ ತಳಕ್ಕೆ ಬಳೀತೀರಲ್ಲ, ಚಿಪ್ಪುಹುಳ ಅಂಟದೆ ಇರಲಿ ಅಂತ ಕೆಂಪು ಬಣ್ಣ, ಅದರ ತುಂಬ ತಾಮ್ರದ ಪುಡಿ. ಅದಂತೂ ಬೇಡವೇ ಬೇಡ. ಇದಕ್ಕೆ ಬೇರೆ ಬಣ್ಣ ಇದೆ, ದೋಣಿ ಜೊತೆ ನಾನೇ ಡಬ್ಬ ಕಳಿಸ್ತೀನಿ."

"ಆಯ್ತಮ್ಮ."

"ಎಷ್ಟು ಜನ ಹೋಗ್ತೀರ? ಒಬ್ಬರೇ ಆದ್ರೆ ಚುಕ್ಕಾಣಿ ಹತ್ರ ಒಂದೇ ಸೀಟು ಹಾಕಿ, ಉಳಿದ ಜಾಗಕ್ಕೆ ಐಸ್ ಪೆಟ್ಟಿಗೆ ದೊಡ್ಡದು ಮಾಡಬಹುದು."

ಮಗಳು ಅಪ್ಪನ ಮುಖ ನೋಡಿದಳು.

"ಇಬ್ಬರು," ಎಂದ ದೊಡ್ಡವನು.

ಮನೆಗೆ ಬರುವ ಬಸ್ಸಿನಲ್ಲಿ ಮಗಳು ಕೇಳಿದಳು, "ಚಿಕ್ಕಪ್ಪ ಬರ್ತೀನಿ ಅಂದ್ರಾ?"

"ದೋಣಿ ಕಣ್ಣೆದುರಿಗೆ ಬರಲಿ. ಬರದೆ ಎಲ್ಲಿಗೆ ಹೋಗ್ತಾನೆ?"

ದೋಣಿ ಕಣ್ಣೆದುರಿಗೆ ಬರಲು ಏಳು ವಾರ ಹಿಡಿಯಿತು. ಆ ಏಳು ವಾರ ದೊಡ್ಡವನು ಮನೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದ. ಹಳೆಯ ದೋಣಿಯ ಎಂಜಿನ್ನು ಬಿಚ್ಚಿ ಮಾರಿದ. ಒಡಲನ್ನು ಯಾರೂ ಕೇಳಲಿಲ್ಲ. ಮರಳಿನ ಮೇಲೆ ಮಗುಚಿಹಾಕಿ ಬಂದ. ಐಸ್ ಕಾರ್ಖಾನೆಯಿಂದ ಬಂದ ಚಿಕ್ಕವನು ಅದರ ಮೇಲೆ ಕೂತಿರುವುದನ್ನು ಮಗಳು ಎರಡು ಸಲ ಕಂಡಳು. ಸಮುದ್ರಕ್ಕೆ ಬೆನ್ನು ಮಾಡಿ ಕೂತಿದ್ದನಂತೆ. ಮನೆಯಲ್ಲಿ ಹೇಳಿದಾಗ ದೊಡ್ಡವನು, "ಮರದ ಮೇಲೆ ಅಷ್ಟು ಮೋಹ ಅವನಿಗೆ," ಎಂದ.

ಹೆಂಡತಿಗೆ ಬೇರೆ ಚಿಂತೆ. "ಅವನು ಬರದೇ ಇದ್ರೆ ಏನು ಮಾಡ್ತೀರ?"

"ಬರ್ತಾನೆ."

"ಬರದೇ ಇದ್ರೆ ಅಂತ ಕೇಳಿದ್ದು. ಕಣ್ಣಿಗೆ ದಡ ಕಾಣದ ಕಡೆ ಒಬ್ಬರೇ ಹೋಗೋದಾದ್ರೆ ನನಗೆ ಈ ದೋಣಿ ಬೇಡ. ಬೇರೆ ಯಾರನ್ನಾದ್ರೂ ಕರ್ಕೊಳ್ಳಿ."

"ಬೇರೆಯವನಿಗೆ ನನ್ನ ಬೈಗುಳ ಅರ್ಥ ಆಗಲ್ಲ," ಎಂದ ದೊಡ್ಡವನು. ಅದು ನಿಜವೇ. ಇಪ್ಪತ್ತೆರಡು ವರ್ಷ ಆ ದೋಣಿಯಲ್ಲಿ ಒಂದು ದಿನವೂ ಒಳ್ಳೆಯ ಮಾತು ಕೇಳಿಬಂದದ್ದಿಲ್ಲ. ಕತ್ತೆ, ಮೊಂಡ, ಕಣ್ಣಿಲ್ವಾ, ಕೈ ಬಿದ್ದುಹೋಗಿದೆಯಾ, ಹಗ್ಗ ಹಿಡಿಯೋಕೆ ಯಾರು ಕಲಿಸಿದ್ದು ನಿನಗೆ. ಪಕ್ಕದ ದೋಣಿಯವರು ಹೊಡೆದಾಟವೆಂದು ತಿಳಿದು ಹತ್ತಿರ ಬಂದದ್ದೂ ಉಂಟು. ಬಂದು ನೋಡಿದರೆ ಇಬ್ಬರೂ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು.

ದೋಣಿ ಬಂತು. ಗಾಡಿಯ ಮೇಲೆ, ಬೀದಿಯ ತಂತಿಗಳನ್ನು ಕೋಲಿನಿಂದ ಎತ್ತಿಸಿಕೊಂಡು, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನೋಡುವ ಹಾಗೆ ಬಂತು. ಮನೆಯ ಹಿಂದಿನ ಅಂಗಳದಲ್ಲಿ ಮರದ ತುಂಡುಗಳ ಮೇಲೆ ಕೂರಿಸಿದರು. ಬೆಳ್ಳಗೆ, ಬರಿಮೈಯಲ್ಲಿ, ಬಟ್ಟೆ ತೊಡಿಸದ ಕೂಸಿನ ಹಾಗೆ ಇತ್ತು. ತಾಯಿ ಊರುಗೋಲಿನಿಂದ ಒಮ್ಮೆ ಬಡಿದು ನೋಡಿ, "ಗಟ್ಟಿ ಇದೆ ಬಿಡು," ಎಂದಳು. ದೊಡ್ಡವನು ಮಹಡಿಯ ಕಿಟಕಿಯತ್ತ ನೋಡಿ, ಬೇಕೆಂದೇ ಗಟ್ಟಿಯಾಗಿ, "ಎರಡು ಸೀಟಮ್ಮ! ಎರಡಕ್ಕೂ ಸ್ಪ್ರಿಂಗು!" ಎಂದ. ಕಿಟಕಿಯಲ್ಲಿ ಯಾರೂ ಕಾಣಲಿಲ್ಲ.

ಮರುದಿನ ದೋಣಿಯ ನೋಂದಣಿಗೆಂದು ದೊಡ್ಡವನು ಪಟ್ಟಣಕ್ಕೆ ಹೋದ. ಒಂದು ಸಹಿಗೆ ಇಡೀ ದಿನ ಹಿಡಿಯಿತು. ಸಂಜೆ ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ಕಾದಿದ್ದಳು. ಮುಖ ಅರಳಿತ್ತು.

"ಹಿಂದೆ ಹೋಗಿ ನೋಡು. ಚಿಕ್ಕೋನು ಕೆಲಸಕ್ಕೆ ರಜೆ ಹಾಕಿ ಬೆಳಗಿಂದ ಅಲ್ಲೇ ಇದ್ದ. ಊಟಕ್ಕೂ ಏಳಲಿಲ್ಲ."

ದೊಡ್ಡವನು ಅಂಗಳಕ್ಕೆ ಹೋದ. ದೋಣಿಯ ತಳ ಕೆಂಪಗಾಗಿತ್ತು. ನೀರಿನ ಗೆರೆಗೆ ಪಟ್ಟಿ ಅಂಟಿಸಿ, ಒಂದು ಕೂದಲೆಳೆ ಆಚೀಚೆ ಆಗದಂತೆ, ಎರಡು ಸಲ ಬಳಿದು ಮುಗಿಸಿದ್ದ. ಹಳೆಯ ದೋಣಿಗೆ ಪ್ರತಿವರ್ಷ ಬಳಿಯುತ್ತಿದ್ದ ಅದೇ ಬಣ್ಣ. ಮಹಡಿಯಲ್ಲಿ ಎರಡು ಡಬ್ಬ ಉಳಿದಿದ್ದವು. ಬೆಸುಗೆಯವಳು ಕಳಿಸಿದ ಡಬ್ಬ ದೋಣಿಯೊಳಗೆ ಹಾಗೇ ಕಟ್ಟಿಟ್ಟಿತ್ತು.

ದೊಡ್ಡವನಿಗೆ ಕಣ್ಣು ತುಂಬಿ ಬಂತು.  ತಾಮ್ರ ತೋರಿಸಬಾರದು ಎಂದು ಬೆಸುಗೆಯವಳು ಬೆರಳೆತ್ತಿ ಹೇಳಿದ್ದೂ ಆಗಲೇ ನೆನಪಾಯಿತು. ಆದರೆ ಒಂಬತ್ತು ವಾರದಲ್ಲಿ ತಮ್ಮ ತಾನಾಗಿ ಮಾಡಿದ ಮೊದಲ ಕೆಲಸ ಇದು. ಕೆರೆಯುವ ಉಳಿ ಕೈಗೆತ್ತಿಕೊಂಡರೆ ತಮ್ಮನ ಮುಖದ ಮೇಲೇ ಎಳೆದ ಹಾಗೆ ಆಗುತ್ತದೆ ಎನ್ನಿಸಿತು. ಸುಮ್ಮನೆ ಒಳಗೆ ಬಂದು ಕೈಕಾಲು ತೊಳೆದ.

ಆ ಸಂಜೆ ಚಿಕ್ಕವನು ಎಲ್ಲರ ಜೊತೆ ಊಟಕ್ಕೆ ಕೂತ. ಅತ್ತಿಗೆ ಎರಡು ಮೀನು ಹೆಚ್ಚಿಗೆ ಹುರಿದಿದ್ದಳು. ಚಿಕ್ಕವನ ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು.

"ಗೆರೆ ನೇರ ಬಂದಿದೆಯಾ?" ಎಂದು ತಟ್ಟೆಯನ್ನೇ ನೋಡುತ್ತ ಕೇಳಿದ. ತಾಯಿಯ ಮೂಲಕವಲ್ಲ, ನೇರವಾಗಿ.

ಮಗಳು ಬಾಯಿ ತೆರೆದಳು. "ಚಿಕ್ಕಪ್ಪ, ಆ ಬಣ್ಣ..." ಎನ್ನುವಷ್ಟರಲ್ಲಿ ದೊಡ್ಡವನು ಮೇಜಿನ ಕೆಳಗೆ ಅವಳ ಕಾಲು ತುಳಿದ.

"ತುಂಬಾ ಚೆನ್ನಾಗಿ ಬಂದಿದೆ," ಎಂದ. "ಥ್ಯಾಂಕ್ಸ್."

ಚಿಕ್ಕವನು ತಲೆ ಎತ್ತಿ ಅಣ್ಣನನ್ನು ನೋಡಿದ. ಆ ಮನೆಯಲ್ಲಿ ಅಣ್ಣ ತಮ್ಮನಿಗೆ ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. 

ಮರುದಿನ ಮಗಳು ಅಪ್ಪನನ್ನು ಅಂಗಳದಲ್ಲಿ ಹಿಡಿದಳು.

"ನೀರಿಗೆ ಇಳಿಸೋ ಮೊದಲು ಕೆರೆದುಬಿಡಿ. ನಾನೂ ಕೈ ಹಾಕ್ತೀನಿ. ಚಿಕ್ಕಪ್ಪನಿಗೆ ಹೇಳಿದ್ರೆ ಅವರೇ ಕೆರೀತಾರೆ."

"ಹತ್ತು ದಿನದಲ್ಲಿ ಏನೂ ಆಗಲ್ಲ. ಒಂದು ಸಲ ಅವನು ದೋಣಿ ಹತ್ತಲಿ. ಆಮೇಲೆ ನಗ್ತಾ ನಗ್ತಾ ಹೇಳ್ತೀನಿ."

"ಹತ್ತದೇ ಇದ್ರೆ?"

"ನೀನೂ ನಿಮ್ಮಮ್ಮನ ಥರ ಆಡಬೇಡ."

ದೋಣಿ ನೀರಿಗಿಳಿಯಿತು. ಚಿಕ್ಕವನು ಹತ್ತಲಿಲ್ಲ. ಕಾರ್ಖಾನೆಯಲ್ಲಿ ಒತ್ತಡ ಇದೆ ಎಂದ. ಮುಂದಿನ ವಾರ ಬೆನ್ನು ನೋವು ಎಂದ. ಅದರ ಮುಂದಿನ ವಾರ ದೊಡ್ಡವನು ಕೇಳುವುದಕ್ಕೂ ಹಿಂಜರಿದ. ಹತ್ತು ದಿನ ಇಪ್ಪತ್ತಾಯಿತು, ಮೂವತ್ತಾಯಿತು. ದೋಣಿ ಬಂದರಿನ ಉಪ್ಪುನೀರಲ್ಲೇ ನಿಂತಿತ್ತು.

ದೊಡ್ಡವನು ಒಬ್ಬನೇ ಹೋದ. ಮೊದಮೊದಲು ದಡದ ದೀಪಸ್ತಂಭ ಕಾಣುವಷ್ಟು ದೂರ, ಆಮೇಲೆ ಹೆಂಡತಿಗೆ ಹೇಳದೆ ಅದರಾಚೆ. ದೋಣಿಯಲ್ಲಿ ಕುಂದು ಹುಡುಕುವ ಹಾಗಿರಲಿಲ್ಲ. ಹಳೆಯದು ಎರಡು ತಾಸು ತೆಗೆದುಕೊಳ್ಳುತ್ತಿದ್ದ ಹಾದಿಯನ್ನು ಐವತ್ತು ನಿಮಿಷದಲ್ಲಿ ಮುಗಿಸುತ್ತಿತ್ತು. ಅಲೆಗೆ ಡಬ್ಬದ ಸದ್ದು ಬರುತ್ತಿತ್ತು, ತಮ್ಮ ಹೇಳಿದ್ದು ಸುಳ್ಳಲ್ಲ, ಮೀನಿಗೇನೂ ಅದರ ಚಿಂತೆ ಇರಲಿಲ್ಲ. ತಳದಲ್ಲಿ ಒಂದು ಹನಿ ನೀರಿಲ್ಲ. ಆದರೂ ಅರ್ಧ ತಾಸಿಗೊಮ್ಮೆ ಅವನು, "ನೀರು ನೋಡೋ," ಎನ್ನುತ್ತಿದ್ದ. ಎಂದ ಮೇಲೆ ನಾಚಿಕೆಯಾಗಿ ಸುತ್ತ ನೋಡುತ್ತಿದ್ದ, ಅಲ್ಲಿ ಕೇಳುವವರು ಯಾರಿದ್ದಾರೆ ಎಂಬ ಹಾಗೆ. ಒಂದು ದಿನ ತೋಳುದ್ದದ ಮೀನು ಬಿತ್ತು. ಒಬ್ಬನೇ ಎಳೆದು ಹಾಕಿ, ಏದುಸಿರು ಬಿಡುತ್ತ ನಿಂತು, ಯಾರಿಗಾದರೂ ಒಂದು ಬೈಗುಳ ಬೈಯಬೇಕೆನ್ನಿಸಿ ಮೀನಿಗೇ ಬೈದ. ಊಟದ ಡಬ್ಬಿ ಬಿಚ್ಚಿದರೆ ಹೆಂಡತಿ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ತುಂಬಿದ್ದಳು. ಅವನು ಆ ದಿನ ಅರ್ಧ ಮೀನಿಗೇ ತಿರುಗಿದ. ತಿರುಗಿಸು ಎಂದು ಯಾರೂ ಹೇಳಿರಲಿಲ್ಲ.

ಐದನೆಯ ವಾರ ಬೆಸುಗೆಯವಳು ಬಂದಳು. ದೋಣಿ ಕೊಟ್ಟ ಮೇಲೆ ಒಮ್ಮೆ ಬಂದು ಬೆಸುಗೆ ನೋಡಿಹೋಗುವುದು ಅವಳ ಪದ್ಧತಿ. ದೋಣಿಯನ್ನು ಮೇಲೆಳೆದು ಅಂಗಳಕ್ಕೆ ತಂದಿದ್ದರು. ಅವಳು ಬಗ್ಗಿ ತಳ ನೋಡಿದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಕೆಂಪು ಬಣ್ಣ ಅಲ್ಲಲ್ಲಿ ಗುಳ್ಳೆಯೆದ್ದಿತ್ತು. ಒಂದು ಗುಳ್ಳೆಯನ್ನು ಉಗುರಿನಿಂದ ಒಡೆದಳು. ಒಳಗಿಂದ ಬಿಳಿ ಹಿಟ್ಟು ಉದುರಿತು. ಹಿಟ್ಟಿನ ಕೆಳಗೆ ಸಿಡುಬಿನ ಕಲೆಯಂಥ ಕುಳಿ.

"ಯಾವ ಪುಣ್ಯಾತ್ಮ ಬಳಿದದ್ದು ಇದನ್ನ?" ಎಂದು ಕೂಗಿದಳು. "ಹೇಳಿದ್ದೆನಲ್ಲ ನಾನು! ಬೆರಳೆತ್ತಿ ಹೇಳಿದ್ದೆ! ಇನ್ನು ಆರು ತಿಂಗಳು ಹೀಗೇ ಬಿಟ್ಟಿದ್ರೆ ತಳ ಜರಡಿ ಆಗ್ತಿತ್ತು. ನಡುನೀರಲ್ಲಿ ಗೊತ್ತಾಗ್ತಿತ್ತು ನಿಮಗೆ."

ಅಂಗಳದ ಮೆಟ್ಟಿಲ ಮೇಲೆ ಚಿಕ್ಕವನು ನಿಂತಿದ್ದ. ಕಾರ್ಖಾನೆಯಿಂದ ಆಗತಾನೇ ಬಂದವನು, ಕೊಕ್ಕೆ ಇನ್ನೂ ಕೈಯಲ್ಲೇ ಇತ್ತು. ದೊಡ್ಡವನು ಅವನನ್ನು ಕಂಡ.

"ನಾನೇ ಬಳಿದೆ," ಎಂದ ದೊಡ್ಡವನು. "ಮರೆತುಹೋಯ್ತು."

"ಮರೀತಾರಾ ಇಂಥದ್ದನ್ನ?"

"ವಯಸ್ಸಾಯ್ತಲ್ಲ."

ಕೆರೆದು ಮುಗಿಸಿ ಹೇಳಿಕಳಿಸಿದರೆ ಕುಳಿಗಳನ್ನು ಬೆಸೆದು ತುಂಬಿಕೊಡುತ್ತೇನೆ, ಕಬ್ಬಿಣದ ಉಳಿ ಮುಟ್ಟಿಸಬೇಡಿ, ಗಟ್ಟಿ ಪ್ಲಾಸ್ಟಿಕ್ಕಿನದರಲ್ಲೇ ಕೆರೆಯಿರಿ ಎಂದು ಹೇಳಿ ಅವಳು ಹೊರಟಳು. ಅವಳ ಗಾಡಿಯ ಸದ್ದು ಬೀದಿ ದಾಟುವವರೆಗೂ ಚಿಕ್ಕವನು ಅಲುಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದ. ತಾಯಿ ಬಟಾಣಿ ಬಿಡಿಸುತ್ತಿದ್ದಳು. ಅತ್ತಿಗೆ ಒಲೆಯ ಮುಂದಿದ್ದಳು. ಹಿಂದೆಯೇ ದೊಡ್ಡವನು ಬಂದ.

"ನಿನಗೆ ಮೊದಲೇ ಗೊತ್ತಿತ್ತು," ಎಂದ ಚಿಕ್ಕವನು.

"ಹೋಗಲಿ ಬಿಡೋ. ಸರಿ ಮಾಡಿಸಬಹುದಂತೆ."

"ಗೊತ್ತಿತ್ತು ತಾನೇ? ಅವತ್ತು ಸಂಜೆನೇ ಗೊತ್ತಿತ್ತು. ಥ್ಯಾಂಕ್ಸ್ ಅಂದೆ ನನಗೆ!" ಅವನ ದನಿ ಏರಿತು. "ನಾನು ಹಗ್ಗ ತಪ್ಪು ಕಟ್ಟಿದ್ರೆ ಇಡೀ ಸಮುದ್ರಕ್ಕೆ ಕೇಳೋ ಹಾಗೆ ಬೈತಿದ್ದೋನು ನೀನು. ಇವತ್ತು ನಿನ್ನ ದೋಣಿ ಹಾಳು ಮಾಡಿದ್ರೂ ಒಂದು ಕತ್ತೆ ಅನ್ನೋಕೆ ಆಗಲಿಲ್ವಾ? ಹೊರಗಿನವನಾದ್ನಾ ನಾನು? ತೂತು ಬಿದ್ದಿರೋ ದೋಣಿ ತಗೊಂಡು ಒಬ್ಬನೇ ಹೋಗಿ ಸಾಯ್ತೀನಿ ಅಂತ ಹೊರಟಿದ್ದೆಯಾ?"

"ಒಬ್ಬನೇ ಹೋಗಬೇಕು ಅಂತ ನನಗೇನು ಆಸೆನಾ?" ದೊಡ್ಡವನೂ ಕೂಗಿದ. "ನೀನು ಬರಲಿ ಅಂತ ಬಾಯಿ ಮುಚ್ಕೊಂಡಿದ್ದೆ! ಒಂದು ಮಾತಂದ್ರೆ ಮತ್ತೆ ಮಹಡಿ ಹತ್ತಿ ಕೂರ್ತೀಯ ಅಂತ! ಮರಕ್ಕೆ ಅಷ್ಟು ಅಂಟಿಕೊಂಡಿದ್ರೆ ಮರದ್ದೇ ಮಾಡಿಸೋಣ. ಇದನ್ನ ಮಾರಿಬಿಡ್ತೀನಿ. ಹೇಳು, ಮರದ್ದಾದ್ರೆ ಬರ್ತೀಯಾ?"

 ಚಿಕ್ಕವನು ಕೊಕ್ಕೆಯನ್ನು ಗೋಡೆಗೊರಗಿಸಿ ಕುರ್ಚಿ ಎಳೆದು ಕೂತ.

"ಮರದ್ದಾದ್ರೂ ಬರಲ್ಲ," ಎಂದ ನಿಧಾನವಾಗಿ. "ನನಗೆ ಹೆದರಿಕೆ ಆಗುತ್ತೆ."

"ಏನಕ್ಕೆ?"

"ನೀರಿಗೆ."

ಒಲೆಯ ಮೇಲಿನದು ಉಕ್ಕುತ್ತಿತ್ತು. ಅತ್ತಿಗೆ ಉರಿ ಆರಿಸಿದಳು.

"ಅವತ್ತು ಬಿದ್ದೆನಲ್ಲ. ನೀನು ಪ್ಯಾಂಟು ಹಿಡಿದೆ. ಅದು ಬಿಚ್ಚಿ ಬಂತು, ನಾನು ದೋಣಿ ಕೆಳಗೆ ಹೋದೆ. ಮೇಲೆ ಬರೋಣ ಅಂದ್ರೆ ತಲೆಗೆ ತಳ ತಗುಲುತ್ತೆ. ಮತ್ತೆ ಬರ್ತೀನಿ, ಮತ್ತೆ ತಗುಲುತ್ತೆ. ಯಾವ ಕಡೆ ಹೋಗ್ಬೇಕು ಅಂತಾನೇ ಗೊತ್ತಾಗಲಿಲ್ಲ. ನೀನು ಎತ್ತಿದ ಮೇಲೆ ನಕ್ಕೆ. ನಾನೂ ನಕ್ಕೆ. ಮೀನು ಹಿಡಿದು ಸಂಜೆ ಬಂದ್ವಿ. ಆವತ್ತಿಂದ ದಡ ಮರೆಯಾದ ತಕ್ಷಣ ಕೈ ನಡುಗುತ್ತೆ. ಪಂಪು ಒತ್ತಿದ್ರೆ ನಡುಗೋದು ಕಾಣಲ್ಲ. ಅದಕ್ಕೇ ಒತ್ತುತಿದ್ದೆ. ನೀರು ಜಾಸ್ತಿ ಆಯ್ತು ಅಂದ್ರೆ ನೀನು ತಿರುಗಿಸ್ತಿದ್ದೆ." ಅವನು ಮೇಜಿನ ಮೇಲಿನ ಬಟಾಣಿ ಸಿಪ್ಪೆಯನ್ನು ಬೆರಳಿನಿಂದ ಸರಿಸಿದ. "ನೀನು ತರೋ ದೋಣಿ ಸೋರಲ್ಲ ಅಂದೆ. ಸೋರದ ದೋಣಿಲಿ ಏನಂತ ತಿರುಗ್ಸು ಅನ್ನಲಿ?"

"ನನಗೆ ಹೇಳಬಾರದಿತ್ತೇನೋ?"

"ಹೇಗೆ ಹೇಳಲಿ? ಊರಲ್ಲೆಲ್ಲ ಆ ಕಥೆ ಹೇಳ್ಕೊಂಡು ನಗ್ತಿದ್ದೆ. ಅಷ್ಟು ಚೆನ್ನಾಗಿ ಹೇಳ್ತಿದ್ದೆ, ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ."

ತಾಯಿ ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಚಿಕ್ಕವನ ತಲೆಯ ಮೇಲೆ ಕೈಯಿಟ್ಟಳು. ದೊಡ್ಡವನು ತಮ್ಮನ ಕೈಯನ್ನೇ ನೋಡಿದ. ಎರಡು ವರ್ಷ ಮಾರುದೂರದಲ್ಲಿ ಕೂತವನ ಕೈ ನಡುಗುತ್ತಿದ್ದದ್ದು ತನಗೆ ಕಾಣಲಿಲ್ಲ. ಮೀನು ಎಲ್ಲಿದೆ ಎಂದು ನೀರಿನ ಬಣ್ಣ ನೋಡಿ ಹೇಳುತ್ತಿದ್ದ ಕಣ್ಣು ತನ್ನದು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಕತ್ತೆ," ಎಂದ ದೊಡ್ಡವನು. 

"ಹೂಂ," ಎಂದ ಚಿಕ್ಕವನು.

ಬಣ್ಣ ಕೆರೆಯುವ ಕೆಲಸ ಮರುದಿನ ಮಧ್ಯಾಹ್ನ ಶುರುವಾಯಿತು. ಚಿಕ್ಕವನು ಕಾರ್ಖಾನೆಯಿಂದ ನೇರ ಅಂಗಳಕ್ಕೆ ಬಂದ. ಇಬ್ಬರೂ ದೋಣಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ, ಬಣ್ಣ ಮೆತ್ತಗಾಗುವ ಔಷಧ ಹಚ್ಚಿ, ಒಂದೊಂದು ಗೇಣು ಕೆರೆಯುತ್ತ ಹೋದರು. ಬೈಗುಳವೂ ಶುರುವಾಯಿತು. ಇಷ್ಟು ದಪ್ಪ ಯಾವ ಮೂರ್ಖ ಬಳೀತಾನೆ, ನಿನ್ನ ಕಡೆ ಇನ್ನೂ ಕೆಂಪು ಕಾಣ್ತಿದೆ, ಕಣ್ಣಿಗೇನು ಬಂದಿದೆ, ಆ ಕೈಯನ್ನ ಅತ್ತ ಇಡು. ಅಡುಗೆಮನೆಯಲ್ಲಿ ತಾಯಿ ಅದನ್ನು ಕೇಳುತ್ತ ಕಣ್ಣೊರೆಸಿಕೊಂಡು, ಅಂಗಳಕ್ಕೆ ಎರಡು ಲೋಟ ಚಹಾ ಕಳಿಸಿದಳು.

ಮೂರು ದಿನದ ಕೆಲಸ ಅದು. ಮೂರನೆಯ ದಿನ ಸಂಜೆ ಮಗಳು ಬಂದು ನೋಡಿದರೆ ಅರ್ಧವೂ ಆಗಿರಲಿಲ್ಲ. ಅಪ್ಪ ಶುಚಿಯಾದ ಜಾಗವನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಅವಳನ್ನು ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದ. ಅವನ ಕೈಯೂ ಅಷ್ಟೇ ನಿಧಾನವಾಗಿತ್ತು. ಅವಳು ಒಳಗೆ ಹೋಗಿ ಅಮ್ಮನಿಗೆ, "ಇನ್ನೂ ನಾಲ್ಕೈದು ದಿನ ಆಗುತ್ತೆ," ಎಂದಷ್ಟೇ ಹೇಳಿದಳು.

ಎಂಟು ದಿನವಾಯಿತು. ಕೆರೆಯಲು ಏನೂ ಉಳಿಯಲಿಲ್ಲ. ಬೆಸುಗೆಯವಳು ಬಂದು ಕುಳಿ ತುಂಬಿದಳು. ಅವಳ ಡಬ್ಬದ ಬಣ್ಣವನ್ನು ಚಿಕ್ಕವನು ಬಳಿದ. ಗೆರೆ ಈ ಸಲವೂ ನೇರ ಬಂತು. ದೋಣಿ ಮತ್ತೆ ನೀರಿಗೆ ಹೋಗುವ ಬೆಳಿಗ್ಗೆ ಚಿಕ್ಕವನು ಕಾರ್ಖಾನೆಗೆ ತಡವಾಗಿ ಬರುತ್ತೇನೆಂದು ಹೇಳಿ ಬಂದರಿಗೆ ಬಂದಿದ್ದ. ದೊಡ್ಡವನು ಬಾ ಎಂದು ಕರೆಯಲಿಲ್ಲ. ಕರೆದರೆ ತಮ್ಮ ಬಂದುಬಿಡುವನೇನೋ ಎಂಬ ಭಯ ಅವನಿಗೆ. ನಡುಗುವ ಕೈಯನ್ನು ಮುಚ್ಚಿಟ್ಟುಕೊಳ್ಳಲು ಈ ದೋಣಿಯಲ್ಲಿ ಪಂಪಿಲ್ಲ.

ಎಂಜಿನ್ನು ಹತ್ತಿಕೊಂಡಿತು. ಚಿಕ್ಕವನು ಮೊಣಕಾಲುದ್ದದ ನೀರಿನಲ್ಲಿ ನಿಂತು ದೋಣಿಯ ಮೂತಿ ಹಿಡಿದಿದ್ದ. ನೀರು ಅದಕ್ಕಿಂತ ಮೇಲೆ ಬರದ ಹಾಗೆ ಕಾಲೂರಿ ನಿಂತಿದ್ದ.

"ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ," ಎಂದ. "ಅತ್ತಿಗೆ ಒಬ್ಬರಿಗೇ ಆಗೋಷ್ಟು ಕಟ್ಟಿದ್ದಾರೆ. ಪೂರ್ತಿ ತಿನ್ನು."

ದೊಡ್ಡವನು ತಲೆಯಾಡಿಸಿದ. ಚುಕ್ಕಾಣಿಯ ಮೇಲೆ ಕೈಯಿಟ್ಟು ನಿಂತ. ಇಪ್ಪತ್ತೆರಡು ವರ್ಷ ಪ್ರತಿ ಬೆಳಿಗ್ಗೆ ಅವನು ತಾಯಿಗೆ ಹೇಳಿ ಹೊರಟಿದ್ದ, ಹೆಂಡತಿಗೆ ಹೇಳಿ ಹೊರಟಿದ್ದ, ನಿದ್ದೆಯಲ್ಲಿದ್ದ ಮಗಳಿಗೂ ಹೇಳಿ ಹೊರಟಿದ್ದ. ತಮ್ಮನಿಗೆ ಮಾತ್ರ ಆ ಮಾತು ಹೇಳುವ ಪ್ರಸಂಗ ಒಂದು ದಿನವೂ ಬಂದಿರಲಿಲ್ಲ. ಅವನು ಜೊತೆಗೇ ಹೊರಡುತ್ತಿದ್ದನಲ್ಲ.

"ಹೋಗಿ ಬರ್ತೀನಿ ಕಣೋ," ಎಂದ.

"ಹೋಗಿ ಬಾ," ಎಂದು ಚಿಕ್ಕವನು ಕೈ ಬಿಟ್ಟ.